ಭದ್ರಜ್ಜಿ ಇಳಿಸದ ಮಂಕರಿ

ಕಲ್ಲುಗಳಿಗೂ ಹೆಗಲಿದ್ದ ಕಾಲವೊಂದಿತ್ತಂತೆ. ಆಗ ಒಬ್ಬ ಬಸುರಿ ಹೊರೆ ಹೊತ್ತು ಬಯಲಲ್ಲಿ ಬರುತ್ತಿದ್ದಳಂತೆ. ಇಳಿಸಿಕೊಡುವವರು ಯಾರೂ ಸಿಗದೆ ನಿಂತಲ್ಲೇ ಪ್ರಾಣ ಬಿಟ್ಟಳು. ಅವಳ ಅಪ್ಪ ಅದೇ ಜಾಗದಲ್ಲಿ ಎರಡು ಕಂಬ ನೆಟ್ಟು, ಮೇಲೊಂದು ಚಪ್ಪಡಿ ಹೇರಿಸಿ, ಇನ್ನು ಯಾವ ಹೆಣ್ಣೂ ಇಲ್ಲಿ ಇನ್ನೊಬ್ಬರ ಕೈ ಕಾಯಬಾರದು ಎಂದ. ತಲೆಯೆತ್ತರದ ಆ ಹೊರೆಗಲ್ಲಿಗೆ ಹೊರೆಯನ್ನು ಒಬ್ಬರೇ ಜಾರಿಸಬಹುದು, ಒಬ್ಬರೇ ಮತ್ತೆ ತಲೆಗೇರಿಸಿಕೊಳ್ಳಬಹುದು.

ನನ್ನ ಅಜ್ಜಿ ಭದ್ರಮ್ಮ ಈ ಕತೆ ಹೇಳಿದಾಗಲೆಲ್ಲ ಆ ಕಲ್ಲು ಮೆಲ್ಲಗೆ ಉಸಿರಾಡುವುದು ನನಗೆ ಕೇಳುತ್ತಿತ್ತು. ಕಲ್ಲೇನೂ ದೂರದ್ದಲ್ಲ. ಕೆ.ಆರ್. ನಗರದಾಚೆ ನಮ್ಮೂರ ಹಾಲ್ಟ್ ಸ್ಟೇಷನ್ನಿನ ಬೇಲಿ ಪಕ್ಕದಲ್ಲೇ ಇತ್ತು. ಅಜ್ಜಿ ದಿನಾ ಸೊಪ್ಪಿನ ಮಂಕರಿಯನ್ನು ಅದರ ಮೇಲಿಟ್ಟು ಮೈಸೂರಿನ ರೈಲು ಕಾಯುತ್ತಿದ್ದಳು.

ಪ್ಲಾಟ್‌ಫಾರಂ ಎತ್ತರಿಸುವಾಗ ಜಲ್ಲಿ ಲಾರಿಗೆ ದಾರಿ ಬೇಕೆಂದು ಆ ಕಲ್ಲನ್ನು ಕೀಳಿಸಿದವನು ವಿರೂಪಾಕ್ಷ, ಕಮಿಷನ್ ಮೇಲೆ ಟಿಕೆಟ್ ಮಾರುವ ಏಜೆಂಟು. ಕೆಲಸ ಮುಗಿದ ಮೇಲೆ ಮತ್ತೆ ನಿಲ್ಲಿಸಿಕೊಡುತ್ತೇನೆಂದು ಅಜ್ಜಿಗೆ ಮಾತು ಕೊಟ್ಟಿದ್ದ. ಕೆಲಸ ಮುಗಿಯಿತು, ಆಮೇಲೆ ಮಳೆಗಾಲಗಳೂ ಕಳೆದವು. ಕಂಬಗಳು ಹೊಂಗೆಯ ಬುಡದಲ್ಲಿ ಬಿದ್ದಿದ್ದವು. ಚಪ್ಪಡಿ ಟಿಕೆಟ್ ಕಿಟಕಿಯ ಕೆಳಗೆ, ವಿರೂಪಾಕ್ಷ ಕೂತು ಟೀ ಕುಡಿಯುವ ಜಗಲಿಯಾಗಿತ್ತು. ಅಜ್ಜಿ ಅವನ ಕಿಟಕಿಗೆ ಹೋಗುವುದನ್ನೇ ಬಿಟ್ಟಳು. ಸೊಪ್ಪಿನ ಹೆಂಗಸರಿಗೆಲ್ಲ ನಾನೇ ಫೋನಿನಲ್ಲಿ ಟಿಕೆಟ್ ತೆಗೆಯತೊಡಗಿದೆ.

ಒಂದು ಬೆಳಿಗ್ಗೆ ಅವನು ಚಪ್ಪಡಿಯ ಮೇಲೆ ಕಾಲಾಡಿಸುತ್ತ ಕೂತಿದ್ದ.

"ಏನ್ ಭದ್ರಮ್ಮ, ಟಿಕೆಟ್ ಬ್ಯಾಡ್ವಾ?"

"ಮೊಮ್ಮಗಳ ಫೋನಲ್ಲೈತೆ."

"ಅಂಗಾದ್ರೆ ಮಂಕ್ರೀನೂ ಆ ಫೋನೇ ಇಳಿಸ್ಲಿ ಬುಡು."

ಉಳಿದ ಹೆಂಗಸರು ಒಬ್ಬರಿಗೊಬ್ಬರು ಮಂಕರಿ ಇಳಿಸಿಕೊಟ್ಟರು. ಅಜ್ಜಿ ಹೊರೆಯ ಸಮೇತ ಅವನ ಮುಂದೆ ಹೋಗಿ ನಿಂತಳು.

"ಇಳಿಸೋದಾದ್ರೆ ಕಲ್ಲಿನ್ ಮ್ಯಾಲೆ ಕಣ್ಲಾ. ಅಲ್ಲೀಗಂಟ ಇಲ್ಲೇ."

ನಾನು ಕೈ ಚಾಚಿದೆ.

"ಕೈ ತೆಗಿ ಹರ್ಷಿತಾ. ನೀನು ದಿನಾ ಇರ್ತೀಯಾ ಇಲ್ಲಿ?"

ರೈಲು ಬಂತು. ಹೆಂಗಸರು ಹತ್ತಿದರು. ಅಜ್ಜಿ ತಿರುಗಿಯೂ ನೋಡಲಿಲ್ಲ. ಬೋಗಿಯಿಂದ ಯಾರೋ ಕೂಗಿದರು: "ಏನ್ ಏಜೆಂಟ್ರೇ, ಕಿಟಕಿಗೆ ಅಜ್ಜೀನ ಕಾವಲು ನಿಲ್ಸಿದ್ದೀರಾ?"

ರೈಲು ಹೋದ ಮೇಲೆ ಬಿಸಿಲೇರಿತು. ಕೊತ್ತಂಬರಿ ಬಾಡಿ ಮಂಕರಿಯಂಚಿಗೆ ಜೋತುಬಿತ್ತು. ಅಜ್ಜಿಯ ಕತ್ತಿನ ನರ ಉಬ್ಬಿತ್ತು. ವಿರೂಪಾಕ್ಷ ಎದ್ದು ಬಂದ.

"ನಾಟ್ಕ ಸಾಕು, ಕೊಡಿಲ್ಲಿ."

"ಮುಟ್ಟುದ್ರೆ ನಿನ್ ತಲೆ ಮ್ಯಾಲೇ ಇಳಿಸ್ತೀನಿ."

"ಇದು ರೈಲ್ವೆ ಜಾಗ. ಕಲ್ಲುಗಿಲ್ಲು ನಿಲ್ಸಂಗಿಲ್ಲ."

"ಬೇಲಿ ಆಚೆ ಅಳೇ ಗುಂಡಿ ಅಂಗೇ ಐತೆ. ನಿನ್ ಟೀ ಲೋಟ ತುಂಬ್ಕೊಂಡವೆ, ಅಷ್ಟೇಯ."

ಅಷ್ಟರಲ್ಲಿ ಅವನ ಹೆಂಡತಿ ಪ್ರೇಮಮ್ಮ ತಿಂಡಿಯ ಡಬ್ಬಿ ತಂದಳು. ಹೊರೆ ಹೊತ್ತವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡವರ ಮನೆಯಲ್ಲಿ ನಮ್ಮ ಕಡೆ ಯಾರೂ ನೀರು ಸಹ ಮುಟ್ಟುವುದಿಲ್ಲ. ಅವಳು ಅಜ್ಜಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಂಗ್ ನಿಲ್ಲಿಸ್ಕೊಂಡು ನೀವು ತಿಂತೀರಾ? ನಾನಂತೂ ಬಡ್ಸಕಿಲ್ಲ. ಇವತ್ತಲ್ಲ, ನಾಳೇನೂ ಇಲ್ಲ."

ಬಂದ ದಾರಿಯಲ್ಲೇ ನಡೆದುಬಿಟ್ಟಳು.

ವಿರೂಪಾಕ್ಷ ಬಾಯಲ್ಲೇ ಏನೋ ಬೈದುಕೊಂಡು, ಪಕ್ಕದ ಗದ್ದೆಯಲ್ಲಿ ಕಬ್ಬು ತುಂಬುತ್ತಿದ್ದ ಧರ್ಮೇಂದ್ರನನ್ನು ಆಳುಗಳ ಸಮೇತ ಕರೆದ. ಹಾರೆ ಬಂತು. ಗುಂಡಿಯಿಂದ ಲೋಟಗಳನ್ನು ಬಾಚಿ ಎಸೆದು ಕಂಬಗಳನ್ನು ಇಳಿಸಿದರು. ಕಿಟಕಿಯ ಕೆಳಗಿನ ಚಪ್ಪಡಿ ಎದ್ದು ಕಂಬಗಳ ಮೇಲೇರಿತು. ಏಜೆಂಟನಿಗೆ ಕೂರಲು ಜಾಗವಿಲ್ಲದಾಯಿತು.

"ಆಯ್ತಲ್ಲ, ಈಗಲಾದ್ರೂ ಇಳಿಸಿ ಸಾಯಿ," ಎಂದ.

ಅಜ್ಜಿ ಕಲ್ಲನ್ನು ನಿಧಾನಕ್ಕೆ ನೋಡಿದಳು.

"ಎಡಕ್ಕೆ ವಾಲೈತೆ."

ಧರ್ಮೇಂದ್ರ ನಗು ತಡೆಯಲು ಮುಖ ತಿರುಗಿಸಿದ. ವಿರೂಪಾಕ್ಷನೇ ಮಂಡಿಯೂರಿ ಕಂಬದ ಬುಡಕ್ಕೆ ಜಲ್ಲಿ ತುರುಕಿ, ಅಜ್ಜಿಯ ಹೆಸರು ಹಿಡಿದು ಶಪಿಸುತ್ತ ಜಜ್ಜಿದ. ಚಪ್ಪಡಿ ಸಮನಾಯಿತು.

ಅಜ್ಜಿ ಹತ್ತಿರ ಹೋದಳು. ಮೊಣಕಾಲು ತುಸು ಬಗ್ಗಿಸಿ, ಯಾರ ಕೈಯನ್ನೂ ಕಾಯದೆ, ಮಂಕರಿಯನ್ನು ಕಲ್ಲಿನ ಹೆಗಲಿಗೆ ಜಾರಿಸಿದಳು.