ಅಣ್ಣನ ಸೀನು

ನಾನೂ ಅತ್ತಿಗೆಯೂ ಸೇರಿ ಬರೆದ ಅಲಾರಂ ಆ್ಯಪ್‌ನಲ್ಲಿ ಗಂಟೆ ಹೊಡೆಯುವುದಿಲ್ಲ, ನಮ್ಮಣ್ಣ ಸೀನುತ್ತಾನೆ. ಆ ಸೀನಿಗೆ ಸತ್ತವನೂ ಎದ್ದು ಕೂರಬೇಕು. ಅದರ ಕೋಡ್ ಇಂಟರ್ನೆಟ್ಟಿನಲ್ಲಿ ಎಲ್ಲರ ಕಣ್ಣೆದುರೇ ಇದೆ, ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು. ಯಾರು ಒಯ್ದರು ಅಂತ ನಾವು ಕೇಳುವುದೂ ಇಲ್ಲ, ಬರೆದಿಡುವುದೂ ಇಲ್ಲ.

ಅದೇ ತಪ್ಪಾಯಿತಂತೆ! ಒಂದು ಮಧ್ಯಾಹ್ನ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ನಮ್ಮ ಸೋಫಾದಲ್ಲಿ ಕೂತರು.

"ಹೊಸ ನಿಯಮ ಬಂದಿದೆ. ಬಳಸೋರ ಹೆಸರು, ಫೋನ್ ನಂಬರ್ ಎಲ್ಲ ಕೊಡಿ."

"ನಮ್ಮ ಹತ್ರ ಇಲ್ವಲ್ಲ ಸಾರ್," ಅಂದರು ಅತ್ತಿಗೆ.

"ಇಲ್ವಾ, ಬಚ್ಚಿಟ್ಟಿದ್ದೀರಾ?"

ನನಗೆ ಪಿತ್ತ ನೆತ್ತಿಗೇರಿತು. "ಬೀದಿ ನಲ್ಲೀಲಿ ನೀರು ಕುಡಿದೋರ ಹೆಸರು ಯಾರಾದ್ರೂ ಬರ್ಕೋತಾರಾ ಸ್ವಾಮಿ?"

"ಹಾಗಾದ್ರೆ ಇವತ್ತಿಂದ ಬರ್ಕೊಳ್ಳಿ. ಎಲ್ಲಿ ಮಲಗ್ತಾರೆ, ಯಾವಾಗ ಏಳ್ತಾರೆ, ಎಲ್ಲಾನೂ. ತಪ್ಪು ಮಾಡದೋರಿಗೆ ಭಯ ಯಾಕೆ?"

ಅಷ್ಟರಲ್ಲಿ ಅವರ ಜೇಬಿನೊಳಗಿಂದ ಅಣ್ಣ ಸೀನಿದ.

"ನಾನಲ್ಲ!" ಅಂತ ನಿಜವಾದ ಅಣ್ಣ ಬಚ್ಚಲಿಂದ ಕೂಗಿದ.

ಗಾಬರಿಯಲ್ಲಿ ಜೇಬಿಂದ ತೆಗೆಯುವಾಗ ಇನ್‌ಸ್ಪೆಕ್ಟರ್ ಕೈಯಿಂದ ಫೋನ್ ಜಾರಿ ನೆಲಕ್ಕೆ ಬಿತ್ತು. ಬಿದ್ದಲ್ಲೇ ಇನ್ನೊಂದು ಸಲ ಸೀನಿತು. ಪರದೆಯ ಮೇಲೆ ಅವರೇ ಬರೆದಿಟ್ಟಿದ್ದ ಸಾಲು ಮಿನುಗುತ್ತಿತ್ತು: "ಆಫೀಸಿನ ನಿದ್ದೆ ಸಾಕು, ಸಾಹೇಬರು ಬರೋ ಹೊತ್ತಾಯ್ತು."

ನಾನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದೆ. ಅತ್ತಿಗೆ ಮಾತ್ರ ನಗಲಿಲ್ಲ. ಗಂಭೀರವಾಗಿ ಪೆನ್ನು ತೆಗೆದರು. "ಅಂತೂ ಒಬ್ಬರು ಸಿಕ್ಕರು. ಹೆಸರು ಹೇಳಿ ಸಾರ್. ಎಲ್ಲಿ ಮಲಗ್ತೀರಿ, ಅದನ್ನೂ ಹೇಳಿ."

ಇನ್‌ಸ್ಪೆಕ್ಟರ್ ಫೋನನ್ನು ಎತ್ತಿ ಎದೆಗೆ ಅವಚಿಕೊಂಡರು.

"ಅದು ನನ್ನ ಸ್ವಂತ ವಿಷಯ ಅಲ್ವೇನಮ್ಮಾ?"