ಇನ್ನೊಂದು ಸೂಲು

ಹಿಂಗಾಲು ಸತ್ತ ನಾಯಿಗೆ ತಾನಾಗಿ ಉಚ್ಚೆ ಬರುವುದಿಲ್ಲ. ದಿನಕ್ಕೆ ಮೂರು ಸಲ ಯಾರಾದರೂ ಕಿಬ್ಬೊಟ್ಟೆ ಹಿಡಿದು ಒತ್ತಬೇಕು. ಮೊದಲ ದಿನ ಒತ್ತಿದಾಗ ಬಂದದ್ದು ಕೀವು ಬೆರೆತ, ಕೊಳೆತ ತತ್ತಿಯ ನಾತದ ನೀರು. ಪದ್ಮವ್ವ ಗೋಡೆಗೆ ಕೈಕೊಟ್ಟು ಉಂಡದ್ದನ್ನೆಲ್ಲ ಕಾರಿಕೊಂಡಳು. ತೇರದಾಳದ ದನದ ದವಾಖಾನೆಯಲ್ಲಿ ಹನ್ನೊಂದು ವರ್ಷ ಸೆಗಣಿ ಬಳಿದವಳು, ಎಮ್ಮೆಯ ಹೊಟ್ಟೆಯಿಂದ ಸತ್ತ ಕರು ಎಳೆಯಲು ಡಾಕ್ಟರಿಗೆ ಕೈಜೋಡಿಸಿದವಳು. 

ನಾಯಿ ಸಿಕ್ಕದ್ದು ಹಿಪ್ಪರಗಿಯ ಕಬ್ಬಿನ ಹೊಲದಲ್ಲಿ. ಕಬ್ಬು ಕಡಿಯುವ ಹೆಂಗಸರು ಒಣಗರಿಯ ರವದಿಯ ಅಡಿಯಲ್ಲಿ ಕಂಡು, ಚೀಲದಲ್ಲಿ ಹಾಕಿ ದವಾಖಾನೆಗೆ ತಂದಿದ್ದರು. ಮುಧೋಳ ನಾಯಿ, ಹೆಣ್ಣು, ಹನ್ನೆರಡು ವರ್ಷದ ಆಸುಪಾಸು. ಎರಡೂ ಕಣ್ಣಿಗೆ ಪೊರೆ. ಜೋತ ಮೊಲೆಗಳು ನೆಲಕ್ಕೆ ಉಜ್ಜಿ ಹುಣ್ಣಾಗಿದ್ದವು.

“ಗರ್ಭಚೀಲದಾಗೂ ಕೀವ ಐತಿ. ಕೊಯ್ದ ತಗದ್ರ ಛಲೋ, ಆದ್ರ ಈ ವಯಸ್ಸಿಗೆ ಮಂಪರಿನಿಂದ ಮತ್ತ ಏಳೂದು ಕಷ್ಟ,” ಎಂದಿದ್ದರು ಡಾಕ್ಟರ್ ರಂಜನಾ. “ಸದ್ಯ ಔಷಧ ಕೊಡೂಣು. ಸಾಕೋರು ಯಾರರ ಸಿಗೂತನಾ ನಿಮ್ಮನ್ಯಾಗ ಇಟಗೋ, ಪದ್ಮವ್ವ.”

ಅತ್ತೆ ಲಗಮವ್ವ ಹೊಸ್ತಿಲು ದಾಟಗೊಡಲಿಲ್ಲ. “ಒಳಗ ಬೀರಪ್ಪ ದೇವರ ಜಗಲಿ ಐತಿ. ಆ ಹೇಸಿಗಿ ಹೊರಗಿರ್ಲಿ. ಲಗೂ ಯಾರಿಗರ ದಾಟಸು.” ಕುರಿ ಕಟ್ಟುವ ತಗಡಿನ ಛಪ್ಪರದಲ್ಲಿ ಹಳೆಯ ಕೌದಿ ಹಾಸಿಕೊಟ್ಟದ್ದಾಯಿತು.

ದಾಟಿಸುವ ಕೆಲಸ ಹಿಡಿದವನು ಗಂಡ ಸಂಜು. ಫೋಟೊ ಹೊಡೆದು ಮೊಬೈಲಿನ ಗುಂಪುಗಳಿಗೆಲ್ಲ ಹಾಕಿದ: ‘ಶುದ್ಧ ಮುಧೋಳ ತಳಿ, ಹೆಣ್ಣು. ಸಾಕುವವರಿಗೆ ಪುಕ್ಕಟೆ.’ ಕಾಲಿಲ್ಲ, ಕಣ್ಣಿಲ್ಲ ಎಂದು ಕೆಳಗೆ ಬರೆದಿದ್ದನೇನೋ ಖರೆ. ಆದರೆ ಶುದ್ಧ ತಳಿ, ಹೆಣ್ಣು ಎಂದು ಓದಿದ ಮೇಲೆ ಈ ಸೀಮೆಯಲ್ಲಿ ಮುಂದಿನದನ್ನು ಓದುವವರು ಯಾರು? ಸಂಜೆಯೊಳಗೆ ಮುಧೋಳ, ಬೀಳಗಿ, ಜಮಖಂಡಿಯಿಂದ ಫೋನು. ಬೆದೆಗೆ ಬಂದು ಎಷ್ಟು ದಿನ ಆತು? ಹಿಂದಿನ ಸೂಲಿಗೆ ಎಷ್ಟು ಮರಿ? ಅದು ಏನು ತಿನ್ನುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ಎಮ್ಮೆ, ನಾಯಿ, ಸೊಸೆ, ಯಾರೇ ಇರಲಿ, ಹೆಣ್ಣಾದರೆ ಕೇಳುವ ಪ್ರಶ್ನೆ ಅದೊಂದೇ.

ಮೂರನೆಯ ದಿನ ಮಧ್ಯಾಹ್ನ ಜೀಪಿನಲ್ಲಿ ಗಿರಿಮಲ್ಲಪ್ಪ ಬಂದ. ಮುಧೋಳದ ಕಡೆಯವನು, ನಾಯಿಮರಿ ಮಾರುವವನು. ಮೂಗಿಗೆ ಕರವಸ್ತ್ರ ಹಿಡಿದೇ ಛಪ್ಪರದೊಳಗೆ ಬಗ್ಗಿದ.

“ಎಡಗಿವಿ ಹರದೈತಿ ನೋಡ್ರಿ. ನಮ್ಮದ ಇದು.”

“ಕಾಲಿಲ್ಲದ್ದು ಹಿಪ್ಪರಗಿ ಹೊಲಕ್ಕ ಹ್ಯಾಂಗ ಬಂತ್ರಿ?” ಎಂದಳು ಪದ್ಮವ್ವ.

“ಆಳಗೋಳು ಏನರ ಮಾಡಿರ್ತಾವ, ಬಿಡ್ರಿ. ಇಕಿ ಹೊಟ್ಟೀದು ಅಂದ್ರ ಪುಣೆದಿಂದ ಮಂದಿ ಬರ್ತಾರ. ಇನ್ನೊಂದ ಸೂಲು ತಗೊಂತೀನಿ. ಆಮ್ಯಾಲ ನೀವ ಇಟಗೋರಿ.”

“ಗರ್ಭಚೀಲ ಕೊಳತೈತ್ರಿ. ಎದ್ದ ನಿಂದ್ರಾಕೂ ಬರೂದಿಲ್ಲ ಅದಕ್ಕ.”

“ಕೀವಿಗೆ ಸೂಜಿ ಐತಿ. ಬಸರಾಗಾಕ ಕಾಲ ಯಾಕ ಬೇಕ್ರಿ? ಇಬ್ಬರು ಹಿಡಕೊಂಡ್ರ ಆತು.”

ಗಿರಿಮಲ್ಲಪ್ಪ ನಕ್ಕ. ಸಂಜುವೂ ನಕ್ಕ. “ಒಂದ ಗಂಡಮರಿ ನಮಗ ಕೊಡ್ತಾರಂತ,” ಎಂದ ಹೆಂಡತಿಗೆ, ಭಾಳ ದೊಡ್ಡ ಉಪಕಾರ ಮಾಡಿದವನಂತೆ. ಪದ್ಮವ್ವನ ಗಂಟಲಿಗೆ ಮತ್ತೆ ಅದೇ ವಾಂತಿ ಉಕ್ಕಿಬಂತು. ಕೀವಿನ ನಾತಕ್ಕೆ ಮೂಗು ಈ ಮೂರು ದಿನದಲ್ಲಿ ಒಗ್ಗಿತ್ತು. ಇದು ಬಾಗಿಲಲ್ಲಿ ನಿಂತ ಇಬ್ಬರು ಗಂಡಸರ ನಗೆಯಿಂದ ಬಂದದ್ದು. ಅವರಲ್ಲೊಬ್ಬನ ಮಗ್ಗುಲಲ್ಲಿ ಅವಳು ಒಂಬತ್ತು ವರ್ಷದಿಂದ ಮಲಗುತ್ತಿದ್ದಳು.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಲಗಮವ್ವ ಮೊರ ಕೆಳಗಿಟ್ಟಳು. ಏಳು ಹಡೆದವಳು, ನಾಲ್ಕನ್ನು ಮಣ್ಣಿಗೆ ಕೊಟ್ಟವಳು.

“ಇಬ್ಬರು ಅಂದ್ರ ಯಾರ್ಯಾರಲೇ, ಸಂಜು? ಹಿಡಕೊಳ್ಳಾಕ ನೀ ಹೋಗಾಂವೇನು?”

“ಯವ್ವಾ, ನಾಯಿ ಐತಿ ಅದು.”

“ಗೊತ್ತೈತಿ. ಕೇಳಿದ್ದಕ್ಕ ಹೇಳು.”

ಸಂಜು ಮೊಬೈಲು ನೋಡತೊಡಗಿದ. ನಾಯಿ ಸಿಗುವುದಿಲ್ಲವೆಂದು ತಿಳಿದ ಗಿರಿಮಲ್ಲಪ್ಪ, “ನಮ್ಮ ಕಡೆ ಕಾಗದ ಅದಾವ. ನಾಳಿ ಪೊಲೀಸರನ್ನ ಕರಕೊಂಡ ಬರ್ತೀನಿ,” ಎಂದು ಜೀಪು ಹತ್ತಿದ.

ಲಗಮವ್ವ ಸೀರೆಯ ಸೆರಗು ನಡುವಿಗೆ ಸಿಕ್ಕಿಸಿ ಛಪ್ಪರಕ್ಕೆ ಬಂದಳು. “ಥೂ, ಏನ ನಾರ್ತೈತಿ ಬೇ ಇದು,” ಎನ್ನುತ್ತಲೇ ಕೌದಿಯ ಒಂದು ಚುಂಗು ಹಿಡಿದಳು. “ಆ ಕಡಿ ನೀ ಹಿಡಿ.” ಅತ್ತೆ ಸೊಸೆ ಸೇರಿ ನಾಯಿಯನ್ನು ಟಂಟಂ ಆಟೋಗೆ ಹಾಕಿಕೊಂಡು ದವಾಖಾನೆಗೆ ಒಯ್ದರು.

“ಗರ್ಭಚೀಲ ತಗೀರಿ, ಬಾಯಾರ. ಇವತ್ತ,” ಎಂದಳು ಪದ್ಮವ್ವ ಡಾಕ್ಟರಿಗೆ.

ರಂಜನಾ ಅವಳ ಮುಖ ನೋಡಿದರು. “ಏಳದ ಇರಬಹುದು, ಪದ್ಮವ್ವ. ಹೇಳೇನಿ ನಿನಗ.”

“ಎದ್ರ ನಮ್ಮನಿಗೆ ಬರ್ತಾಳ. ಏಳದಿದ್ರ ಅವನ ಮನಿಗಂತೂ ಹೋಗೂದಿಲ್ಲ.”

ನಾಯಿಯನ್ನು ಮೇಜಿನ ಮೇಲೆ ಮಲಗಿಸಿದರು. ಪದ್ಮವ್ವ ತಲೆ ಹಿಡಿದಳು; ಕುರುಡು ಮೂತಿ ಅವಳ ಅಂಗೈಯನ್ನು ಮೂಸಿತು. ಡಾಕ್ಟರ್ ಎಡಪಕ್ಕೆಯ ಕೂದಲು ಬೋಳಿಸುತ್ತಿದ್ದಂತೆ ತೊಗಲ ಮೇಲೆ ಹಳೆಯ ಗೆರೆಗಳು ಎದ್ದುಬಂದವು. ಮರಿ ತೆಗೆಯಲು ಕೊಯ್ದ ಗಾಯಗಳು, ಒಟ್ಟು ಮೂರು. ಎರಡು ನೆಟ್ಟಗಿದ್ದವು. ಮೂರನೆಯದು ಸೊಟ್ಟ, ದಪ್ಪ ಗಂಟುಗಳದ್ದು. ರಂಜನಾ ಬೆರಳಾಡಿಸಿ ನೋಡಿದರು.

“ಇದು ಡಾಕ್ಟರ್ ಹೊಲದದ್ದಲ್ಲ. ಗೋಣಿಚೀಲಾ ಹೊಲಿಯೂ ದಬ್ಬಣಾ.”

ಲಗಮವ್ವ ಬಾಗಿಲಾಚೆ ಹೋಗಿ ಉಗುಳಿ ಬಂದಳು.

“ಮಂಪರಿನ ಸೂಜಿ ಚುಚ್ರಿ, ಬಾಯಾರ,” ಎಂದಳು ಪದ್ಮವ್ವ.