ಪಳಗಿಸಿದವಳು

ಶವಸಂಸ್ಕಾರಕ್ಕೆ ಅಚ್ಚುಹಾಕಿಸಿದ್ದ ಕಾರ್ಡನ್ನು ಕೋರಲ್ ಎರಡಾಗಿ ಹರಿದಳು. ಅಮ್ಮನ ಚಿತ್ರದ ಕೆಳಗೆ ಹೀಗಿತ್ತು: ‘ಐವಿ. ಕುದುರೆ ಪಳಗಿಸುವ ಡೆಸ್‌ನ ಹೆಂಡತಿ. ಕೇಕಿಗೆ ಹೆಸರಾದವಳು.’

ಹೂಳಿ ಬಂದವರು ಅಂಗಳದಲ್ಲಿ ನಿಂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಕ್ವೀನ್ಸ್‌ಲ್ಯಾಂಡಿನ ಕೆಂಪು ಧೂಳು ಎಲ್ಲರ ಕರಿ ಬೂಟುಗಳ ಮೇಲೂ ಕೂತಿತ್ತು.

“ಎಳೇ ಕುದುರೆ ಪಳಗಿಸೋಕೆ ಡೆಸ್ ಕೈಯೇ ಆಗ್ಬೇಕಪ್ಪ,” ಎಂದ ಲನಿಗನ್. ಹದಿನೈದು ವರ್ಷದಿಂದ ಈ ಮನೆಯಲ್ಲೇ ಕುದುರೆ ಕೊಂಡವನು. “ನನ್ನ ಮೊಮ್ಮಗಳು ಹತ್ತಿ ಕೂತ್ರೂ ಕುದುರೆ ಅಲ್ಲಾಡಲ್ಲ. ಐವಿ ಪಾಪ, ಟೀ ಕೊಡದೆ ಕಳಿಸಿದ್ದೇ ಇಲ್ಲ.”

ಅಪ್ಪ ಹೌದೆಂದು ತಲೆಯಾಡಿಸಿದ. ಕೋರಲ್‌ಗೆ ಮೈಯೆಲ್ಲ ಉರಿದುಹೋಯಿತು.

*

ಅವಳಿಗೆ ಹನ್ನೆರಡು ವರ್ಷವಿದ್ದಾಗ ಒಂದು ಕುದುರೆ ಅಪ್ಪನನ್ನು ಕೆಡವಿ ಸೊಂಟ ಮುರಿದಿತ್ತು. ಸೊಂಟ ಕೂಡಿತು, ಧೈರ್ಯ ಕೂಡಲಿಲ್ಲ. ಆಮೇಲೆ ದೊಡ್ಡಿಗಿಳಿದವಳು ಅಮ್ಮ. ಬೆಚ್ಚಿ ಒದೆಯುವ ಮರಿಗೆ ಬೆನ್ನುಹಾಕಿ ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲುವಳು. ಎರಡು ಸಲ ಪಕ್ಕೆಲುಬು ಮುರಿಸಿಕೊಂಡಳು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಮರಿ ತಾನಾಗಿ ಬಂದು ಅವಳ ಭುಜಕ್ಕೆ ಮೂತಿ ಉಜ್ಜಿದಾಗ, ಮದುವೆಯ ಫೋಟೋದಲ್ಲೂ ಕಾಣದ ನಗು ಆ ಮುಖದಲ್ಲಿ.

ಕೊಳ್ಳುವವರು ಬಂದ ದಿನ ಲಗಾಮು ಅಪ್ಪನ ಕೈಯಲ್ಲಿ, ಅಮ್ಮ ಅಡುಗೆಮನೆಯಲ್ಲಿ.

“ಪಳಗಿಸಿದ್ದು ನೀನೇ ಅಂತ ಹೇಳಮ್ಮ.”

“ಹೇಳಿದ್ರೆ ನಿಮ್ಮಪ್ಪ ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗೆ? ಆ ಟ್ರೇ ಇತ್ತ ಕೊಡು.”

*

“ದೊಡ್ಡೀಲಿರೋ ಹೆಣ್ಣುಮರೀನ ಹಿಡಿದು ತೋರ್ಸಪ್ಪ,” ಎಂದಳು ಕೋರಲ್, ಎಲ್ಲರಿಗೂ ಕೇಳುವಂತೆ. ಅದು ಅಮ್ಮ ಹೃದಯ ನಿಂತು ಸಾಯುವ ಮುನ್ನ ಅರ್ಧ ಪಳಗಿಸಿ ಬಿಟ್ಟಿದ್ದ ಕುದುರೆ.

“ಇವತ್ತು ಬೇಡ ಮಗಳೇ.”

“ಇವತ್ತೇ. ಅಮ್ಮನ್ನ ಮಣ್ಣಿಗೆ ಹಾಕಿದ ದಿನಾನೂ ಅವಳಿಗೆ ಬರಬೇಕಾದ ಹೆಸರನ್ನ ನೀನೇ ತಿಂತಿದೀಯ.”

ಡೆಸ್ ಹಗ್ಗ ತೆಗೆದುಕೊಂಡು ದೊಡ್ಡಿಯೊಳಗೆ ಹೋದ. ಜನ ಬೇಲಿಯುದ್ದಕ್ಕೂ ನಿಂತರು.

“ಹಾಕೋ ಹಗ್ಗ, ಏನು ನಾಚ್ಕೋತೀಯ,” ಎಂದು ಲನಿಗನ್ ನಕ್ಕ.

ಡೆಸ್ ಎರಡು ಹೆಜ್ಜೆ ಇಟ್ಟ. ಮರಿ ಮುಂಗಾಲೆತ್ತಿ ನಿಂತಿತು. ಅವನು ತಲೆಗೆ ಕೈ ಅಡ್ಡಹಿಡಿದು ಬೇಲಿಗೆ ಅಂಟಿಕೊಂಡ.

“ನನ್ ಕೈಲಾಗಲ್ಲ,” ಎಂದ. “ಹದಿನೆಂಟು ವರ್ಷದಿಂದ ಆಗಿಲ್ಲ. ನೀನು ಕೊಂಡಿದ್ದೆಲ್ಲ ಐವಿ ಪಳಗಿಸಿದ್ದು.”

ಲನಿಗನ್ ನಗು ನಿಲ್ಲಿಸಿದ. ಕೋರಲ್‌ಗೆ ಹಗುರವಾಗಲಿಲ್ಲ. ಕೋಪ ಈಗ ಬಾಯಿಮುಚ್ಚಿಕೊಂಡೇ ಸತ್ತ ಅಮ್ಮನ ಮೇಲೂ, ಅಷ್ಟು ವರ್ಷ ಟ್ರೇ ಎತ್ತಿಕೊಟ್ಟ ತನ್ನ ಮೇಲೂ ತಿರುಗಿತ್ತು.

ಡೆಸ್‌ನ ಕೈಯಿಂದ ಜಾರಿದ ಹಗ್ಗ ಧೂಳಿನಲ್ಲಿ ಬಿದ್ದಿತ್ತು. ಮರಿ ಮೆಲ್ಲನೆ ಬಂದು ಮೂಸಿ, ಅದರ ತುದಿಯ ಮೇಲೆ ಕಾಲಿಟ್ಟು ನಿಂತಿತು. ಬೇಲಿಯಾಚೆ ನಿಂತ ಅಷ್ಟು ಗಂಡಸರಲ್ಲಿ ಒಬ್ಬನೂ ಆ ಹಗ್ಗ ಎತ್ತಿಕೊಳ್ಳಲು ಒಳಗೆ ಬರಲಿಲ್ಲ.